ಭುವಿಯ ಹೊಕ್ಕುಳಬಳ್ಳಿ ರಕ್ತ

ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಬೇಕು ಅಂತ ಹಟ ಹಿಡಿದವನು ಶ್ರೀನಿವಾಸನೇ. ಹೆಂಡತಿ ಸುಕನ್ಯ ತುಂಬಿದ ಬಸುರಿ. ಇಂದಿರಾನಗರದ ಆಸ್ಪತ್ರೆಯಲ್ಲಿ ಅಂಥ ರಕ್ತವನ್ನು ಕಾಪಿಡುವ ಸ್ಟೆಮ್ ಸೆಲ್ ಬ್ಯಾಂಕಿನ ಹುಡುಗಿಯೊಬ್ಬಳು ಬಂದು ಕೂತು, "ಸರ್, ಮುಂದೆ ಮಗೂಗೆ ಏನೇ ಕಾಯಿಲೆ ಬಂದ್ರೂ ಅದರದ್ದೇ ಜೀವಕೋಶ ರೆಡಿ ಇರುತ್ತೆ" ಅಂದಿದ್ದಳು.

"ಹುಟ್ಟೋಕೆ ಮುಂಚೇನೇ ಕಾಯಿಲೆ ಮಾತು ಯಾಕ್ರೀ?" ಅಂತ ಸುಕನ್ಯ ಮುಖ ಸಿಂಡರಿಸಿದಳು. ಅವನು ಕೇಳಲಿಲ್ಲ. ಭುವಿ ಹುಟ್ಟಿದ ಗಳಿಗೆಯಲ್ಲೇ ರಕ್ತವನ್ನು ಚೀಲಕ್ಕೆ ಹಿಡಿದು ಒಯ್ದರು. ಆ ರಾತ್ರಿ ಶ್ರೀನಿವಾಸ ನೆಮ್ಮದಿಯಾಗಿ ಮಲಗಿದ.

ಸ್ಕೂಲಿಗೆ ಸೇರಿದ ವರ್ಷವೇ ಭುವಿಗೆ ಜ್ವರ ಬಿಡದೆ ಕಾಡಿತು. ಕಾಲ ಮೇಲೆಲ್ಲ ನೀಲಿ ಕಲೆಗಳೆದ್ದವು. ರಕ್ತದ ಕ್ಯಾನ್ಸರ್ ಅಂದರು. ಕೀಮೋ ಕೊಟ್ಟರು, ಕೂದಲು ಉದುರಿತು, ವಾಸಿಯಾಯಿತು ಅನ್ನುವಷ್ಟರಲ್ಲಿ ಕಾಯಿಲೆ ಮರಳಿತು. ಇನ್ನು ಅಸ್ಥಿಮಜ್ಜೆ ಬದಲಿಸುವುದೊಂದೇ ದಾರಿ ಎಂದಾಗ ಅಜ್ಜಿ ಆಂಜನಮ್ಮ ಕಾರಿಡಾರಿನಲ್ಲೇ ಗೋಳಿಟ್ಟಳು. ಶ್ರೀನಿವಾಸ ಮಾತ್ರ ಹೆಚ್ಚುಕಮ್ಮಿ ನಗುತ್ತಿದ್ದ.

"ನಮ್ಮ ಹತ್ರ ಇದೆ ಡಾಕ್ಟ್ರೇ. ಅವಳ ಹೊಕ್ಕುಳಬಳ್ಳಿ ರಕ್ತಾನೇ ಇಟ್ಟಿದ್ದೀವಿ."

ಡಾಕ್ಟರು ಕೈಲಿದ್ದ ಫೈಲು ಮುಚ್ಚಿದರು. "ಅದು ಈ ಕಾಯಿಲೆಗೆ ಆಗಲ್ಲ ಶ್ರೀನಿವಾಸ್. ಕಾಯಿಲೆಯ ಬೀಜ ಹುಟ್ಟಿನಿಂದ ಅದರಲ್ಲೂ ಇರಬಹುದು. ಬೇರೆಯವರದ್ದೇ ಬೇಕು."

"ಹಾಗಂತ ಅವತ್ತು ಯಾರೂ ಹೇಳ್ಲಿಲ್ವಲ್ಲ ಸಾರ್," ಅಂದ.

ಅಸ್ಥಿಮಜ್ಜೆ ಹೊಂದುವ ದಾನಿಯನ್ನು ಹುಡುಕುತ್ತಿರುವಾಗಲೇ ಸೋಂಕು ತಗುಲಿ ಭುವಿ ಹೋದಳು. ಕೆ.ಆರ್. ಪುರದಲ್ಲಿ, ಅವರ ಹಿರಿಯರನ್ನಿಟ್ಟ ಜಾಗದಲ್ಲೇ ಮಣ್ಣು ಮಾಡಿದರು.

ತಿಂಗಳುಗಳು ಕಳೆದ ಮೇಲೆ ಬ್ಯಾಂಕಿನಿಂದ ಫೋನ್ ಬಂತು. ಬೇರೆ ಹುಡುಗಿ, ಅದೇ ಸಿಹಿ ದನಿ. "ಸರ್, ಭುವಿ ಸ್ಯಾಂಪಲ್ ಸೇಫಾಗಿದೆ. ಇಡೋದನ್ನ ಮುಂದುವರಿಸೋಣ್ವಾ?"

"ಮಗು ಇಲ್ಲಮ್ಮ," ಅಂದ ಶ್ರೀನಿವಾಸ. "ತೀರ್ಕೊಂಡ್ಳು."

"ಅಯ್ಯೋ, ಸಾರಿ ಸರ್." ಆಮೇಲೆ ತಡವರಿಸುತ್ತ, "ಹಾಗಾದ್ರೆ... ತೆಗೆದು ಹಾಕ್ಬಿಡ್ಲಾ?"

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಸುಕನ್ಯ ಫೋನ್ ಕಿತ್ತುಕೊಂಡಳು. "ಅದಕ್ಕೆ ಇನ್ನೂ ಜೀವ ಇದೆಯಾ?"

"ಇದೆ ಮೇಡಂ. ಜೀವಕೋಶ ಎಲ್ಲ ಚೆನ್ನಾಗಿವೆ."

ಸುಕನ್ಯ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. "ಬಿಸಾಕ್ಬೇಡಿ," ಅಂದಳು. "ನಮ್ಮ ಮಗೂದು ಅದು. ಇಟ್ಟಿರಿ."

ಅದರಿಂದ ಇನ್ನು ಏನೂ ಆಗುವುದಿಲ್ಲ ಅಂತ ಹೇಳಲು ಶ್ರೀನಿವಾಸನಿಗೆ ಬಾಯಿ ಬರಲಿಲ್ಲ. ಅವಳು ಬೇಡ ಅಂದಾಗ ಕೇಳದೆ ಇಡಿಸಿದವನು ಅವನೇ. ಈಗ ಬೇಡ ಅನ್ನುವುದು ಹೇಗೆ?

"ಅವಳ್ನ ಎಲ್ಲಿಟ್ಟಿದ್ದಾರ್ರೀ?" ಅಂತ ಸುಕನ್ಯ ಕೇಳಿದಳು. "ಒಂದ್ಸಲ ನೋಡೋಕೆ ಬಿಡ್ತಾರಾ?"

ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

"ಕೇಳ್ತೀನಿ," ಅಂದ.