ಹದಿನೇಳನೆಯ ಹೆಸರು

ಲೆಸ್ಲಿ ನಾಲ್ಕನೆಯ ಹೆಸರನ್ನು ಓದುವಷ್ಟರಲ್ಲಿ ಪ್ರಾರ್ಥನಾ ಕೋಣೆಯಲ್ಲಿ ಅಣ್ಣ ಕೆನೆತ್‌ನ ಶವಪೆಟ್ಟಿಗೆಯ ಸುತ್ತ ಗುಸುಗುಸು ಎದ್ದಿತು.

"ಸಲ್ಮಾ, ಹತ್ತೊಂಬತ್ತು ವರ್ಷ."

"ಸ್ವಾಮೀ, ನಿತ್ಯ ವಿಶ್ರಾಂತಿಯನ್ನು ದಯಪಾಲಿಸು," ಎಂದರು ಕೆಲವರು, ಅಭ್ಯಾಸಬಲದಿಂದ.

"ನಿಮ್ಮ ಕುಟುಂಬದಲ್ಲಿ ಸಲ್ಮಾ ಯಾರು ಮಾರಾಯ?" ಯಜ್ಞೇಶ್ ಪಿಸುಗುಟ್ಟಿದ. ಗಲ್ಫಿನ ಹಮದ್ ಬಂದರಿನ ಕಚೇರಿಯಲ್ಲಿ ಅವನದು ಕೆನೆತ್‌ನ ಪಕ್ಕದ ಮೇಜು. "ನಮ್ಮ ತರ್ಪಣಕ್ಕೂ ಹೆಸರು ಸರಿ ಬೇಕು. ತಪ್ಪಿದರೆ ನೀರು ಬೇರೆಯವರ ಕೈಸೇರ್ತದೆ."

ಶವ ಊರಿಗೆ ಹೊರಡುವ ಮುನ್ನ ಮನೆತನದ ಮೃತರ ಹೆಸರುಗಳನ್ನು ಓದುವುದು ಆ ಕುಟುಂಬದ ಪದ್ಧತಿ. ಅದೇ ಪಟ್ಟಿ ಎಂದುಕೊಂಡು ಲೆಸ್ಲಿ ಕೆನೆತ್‌ನ ಮೇಜಿನ ಖಾನೆಯಿಂದ ತಂದದ್ದು ಬೇರೆಯೇ ಪಟ್ಟಿ.

"ತಪ್ಪಾಯ್ತು ಅತ್ತಿಗೆ. ಖಲಾಸ್, ನಿಲ್ಲಿಸ್ತೇನೆ."

"ಓದು," ಎಂದಳು ವೆನಿಟಾ. ಪಟ್ಟಿಯ ಕೊನೆಯ ಸಾಲು ಅವಳಿಗೆ ಗೊತ್ತಿತ್ತು.

* * *

ಯುರೋಪಿನ ದಡ ಮುಟ್ಟಲಾರದೆ ಮುಳುಗಿದ ನಿರಾಶ್ರಿತರ ಸುದ್ದಿಗಳನ್ನು ಕೆನೆತ್ ಎರಡು ವರ್ಷ ಸಂಗ್ರಹಿಸಿದ್ದ. ‘ಅಪರಿಚಿತ ಸ್ತ್ರೀ’, ‘ಅಪರಿಚಿತ ಬಾಲಕ’ ಎಂದಷ್ಟೇ ಉಳಿದ ಒಬ್ಬೊಬ್ಬರಿಗೂ ಹೆಸರಿಟ್ಟು, ಮನೆ ಕಟ್ಟಿಕೊಟ್ಟು, ಕಥೆ ಬರೆಯುತ್ತಿದ್ದ.

"ಸತ್ತವರಿಗೆ ನಿಮ್ಮ ಕಥೆಯಿಂದ ಎಂಥ ಲಾಭ? ದೊಡ್ಡ ಸಾಹಿತಿ!"

"ಬಂದರಿನಲ್ಲಿ ಹೆಸರಿಲ್ಲದ ಒಂದು ಪೆಟ್ಟಿಗೆಯೂ ದಡ ಹತ್ತುವುದಿಲ್ಲ ವೆನಿ. ಹೆಸರಿಲ್ಲದ ಜೀವವನ್ನು ಪ್ರಾರ್ಥನೆ ಎಲ್ಲಿ ಹುಡುಕೀತು?"

ಹದಿನೇಳನೆಯವಳು ನಾಲ್ಕು ವರ್ಷದ ಹುಡುಗಿ. ಅವಳಿಗೆ ‘ಮೆಲನಿ’ ಎಂದಿಡಲೇ ಎಂದು ಕೇಳಿದ್ದ. ಹುಟ್ಟುವ ಮುನ್ನವೇ ಹೋದ ತಮ್ಮ ಮಗುವಿಗೆ ಇಬ್ಬರೂ ಆರಿಸಿಟ್ಟಿದ್ದ ಹೆಸರದು.

"ಅದೊಂದನ್ನು ಕೊಡುವುದಿಲ್ಲ."

ಅವನು ಆ ಸಾಲನ್ನು ಖಾಲಿ ಬಿಟ್ಟ. ಅಂದಿನಿಂದ ಬಿನ್ ಒಮ್ರಾನ್ ಬಡಾವಣೆಯ ತಮ್ಮ ಮನೆಯ ಬಾಗಿಲಾಚೆ ಯಾರೋ ಕಾದು ನಿಂತಂತೆ ವೆನಿಟಾಳಿಗೆ ಅನಿಸುತ್ತಿತ್ತು. ತೆರೆದರೆ ಕಾರಿಡಾರು ಬರಿದು.

* * *

ಲೆಸ್ಲಿ ಓದುತ್ತಲೇ ಹೋದ. ಹೆಸರಿನಿಂದ ಹೆಸರಿಗೆ ಉತ್ತರಿಸುವ ಕಂಠಗಳು ಹೆಚ್ಚತೊಡಗಿದವು. ಕೋಣೆಯಲ್ಲಿದ್ದವರು ಒಂಬತ್ತೇ ಮಂದಿ. ಯಜ್ಞೇಶ್ ಎರಡು ಸಲ ಹಿಂದಿರುಗಿ ನೋಡಿದ. ಹಿಂದಿನ ಬೆಂಚುಗಳೆಲ್ಲ ಖಾಲಿ. ಮೂರನೆಯ ಸಲ ನೋಡುವ ಧೈರ್ಯವಾಗಲಿಲ್ಲ.

ಹದಿನಾರು ಮುಗಿಯಿತು.

"ಇಲ್ಲಿ ಹೆಸರಿಲ್ಲ ಅತ್ತಿಗೆ. ‘ಹುಡುಗಿ, ನಾಲ್ಕು ವರ್ಷ’ ಅಂತ ಮಾತ್ರ. ಬಿಡ್ಲಾ?"

ಹಿಂದಿನ ಕಂಠಗಳೂ ಕಾದವು.

ವೆನಿಟಾ ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದಳು.

"ಮೆಲನಿ," ಎಂದಳು.

ಮುಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತಿದ್ದ ಯಜ್ಞೇಶ್, ಯಾರೂ ಹೇಳದೆಯೇ, ಮಗುವೊಂದು ಕೂರುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದ.