ಕಿವಿಯ ಹಿಂದೆ ಒಂದು ಚುಕ್ಕೆ

ಬಣ್ಣದ ಬ್ರಷ್ಷಿನ ತುದಿ ಬೈತಲೆಗೆ ತಾಗಿದ್ದೇ ತಡ ಬಿಳಿ ಬುಡಗಳೆಲ್ಲ ಕಂದುಬಣ್ಣಕ್ಕೆ ತಿರುಗಿದವು, ಇನ್ನರ್ಧ ಗಂಟೆಗೆ ಕಾಗೆಗಪ್ಪು, ಇಷ್ಟೊಂದು ಬಿಳಿ ಇಟ್ಟುಕೊಂಡು ಈ ನಾದಿನಿ ಊರಿಗೆಲ್ಲ ನನಗಿರೋದು ನಾಲ್ಕೇ ನಾಲ್ಕು ಅಂತ ಹೇಳಿಕೊಂಡು ತಿರುಗುತ್ತಾಳೆ — ಅತ್ತಿಗೆ, ಹಣೆ ಹತ್ತಿರ ಚೆನ್ನಾಗಿ ಹಚ್ಚಿ, ನಾಡಿದ್ದು ಮಗಳ ಮದುವೆ, ಫೋಟೋದವನು ಹತ್ತಿರದಿಂದ ತೆಗೀತಾನೆ — ಹಚ್ತೀನಮ್ಮ, ಇಪ್ಪತ್ತಾರು ವರ್ಷದಿಂದ ಈ ಪಾರ್ಲರಿನಲ್ಲಿ ಅದೇ ತಾನೇ ಕೆಲಸ, ಈಗ ಮಾತ್ರ ಅತ್ತಿಗೆಯ ಕೈಗೆ ಎರಡು ಜೊತೆ ಗ್ಲೌಸು, ಒಂದರ ಮೇಲೊಂದು, ಐದು ತಿಂಗಳ ಹಿಂದೆ ತನ್ನ ತಲೆಗೆ ತಾನೇ ಹಚ್ಚಿಕೊಂಡ ಮಾರನೆಯ ಬೆಳಿಗ್ಗೆ ಕಣ್ಣು ಬಿಡಲು ಹೋದರೆ ರೆಪ್ಪೆಗಳು ಬಿಡಿಸಿಕೊಳ್ಳಲೇ ಇಲ್ಲ, ಮುಖ ಕುಂಬಳಕಾಯಿ, ಗಂಡ ಬಾಗಿಲಲ್ಲೇ ನಿಂತು ಯಾರೇ ನೀನು ಅಂದ, ತಮಾಷೆಗೆ, ಒಬ್ಬಳೇ ಆಟೋ ಹಿಡಿದು ಆಸ್ಪತ್ರೆಗೆ ಹೋದಳು, ಡಾಕ್ಟರ್ ಹುಡುಗಿ ಕೇಳಿದಳು, ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾದು ನೋಡಿದ್ರಾ, ಡಬ್ಬಿ ಮೇಲೇ ಬರೆದಿರತ್ತಲ್ಲ — ಯಾರು ಕಾಯ್ತಾರೆ ತಾಯಿ, ಎರಡು ದಿನ ಅಂದರೆ ಗಿರಾಕಿ ಪಕ್ಕದ ಪಾರ್ಲರಿಗೆ ಹೋಗ್ತಾಳೆ, ಅದೂ ಅಲ್ಲದೆ ಇದು ಅಮೋನಿಯಾ ಇಲ್ಲದ್ದು, ಏನೂ ಆಗಲ್ಲ, ಈ ಏನೂ ಆಗಲ್ಲ ಅನ್ನುವುದನ್ನು ಎಷ್ಟು ತಲೆಗಳಿಗೆ ಹೇಳಿದ್ದಾಳೋ, ಅಮೋನಿಯಾ ಬಿಡಿ, ಅಂದಳು ಡಾಕ್ಟರ್, ನಿಮಗೆ ಆಗದೆ ಇರೋದು ಕಪ್ಪು ಮಾಡೋ ಪದಾರ್ಥವೇ, ವರ್ಷಗಟ್ಟಲೆ ಸುಮ್ಮನಿದ್ದ ಮೈ ಒಂದು ದಿನ ತಿರುಗಿ ಬೀಳತ್ತೆ, ಮೊದಲು ತುರಿಕೆ, ಆಮೇಲೆ ಊತ, ಮುಂದಿನ ಸಲ ಉಸಿರೇ ಕಟ್ಟಬಹುದು.

ಮನೆಯಲ್ಲಿ ಹುಳ ಕಚ್ಚಿತು ಅಂದಳು, ಪಾರ್ಲರಿನವಳಿಗೇ ಬಣ್ಣ ಆಗಲ್ಲ ಅಂತ ಗೊತ್ತಾದರೆ ಯಾರು ತಲೆ ಕೊಡ್ತಾರೆ, ಹಚ್ಚುವುದನ್ನು ಸದ್ದಿಲ್ಲದೆ ಬಿಟ್ಟಳು, ತಲೆ ಬೆಳ್ಳಗಾಯಿತು, ಆಗ ಈ ನಾದಿನಿ, ಊಟಕ್ಕೆ ಕೂತವರೆಲ್ಲರ ಎದುರಿಗೆ, ಅಣ್ಣಾ, ಅತ್ತಿಗೆ ನಿನ್ನ ಪಕ್ಕ ನಿಂತರೆ ಸತ್ತ ಅಮ್ಮನೇ ಎದ್ದು ಬಂದ ಹಾಗಿದೆ, ಮದುವೆ ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಲ್ಲಿಸು, ಗಂಡ ನಕ್ಕ, ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕ — ಅತ್ತಿಗೆ, ಹೋದ ಸಲ ಬೇರೆ ಪಾರ್ಲರಲ್ಲಿ ಹಚ್ಚಿಸಿಕೊಂಡಾಗ ಕಿವಿ ಹಿಂದೆ ಎರಡು ದಿನ ತುರಿಸ್ತು, ಗುಳ್ಳೆನೂ ಎದ್ದಿತ್ತು, ಪರವಾಗಿಲ್ವಾ — ಬ್ರಷ್ ನಿಂತಿತು, ಇನ್ನೂ ಅರ್ಧ ತಲೆ ಬಾಕಿ, ಈಗಲೇ ನಲ್ಲಿಯ ಕೆಳಗೆ ಬಗ್ಗಿಸಿ ತೊಳೆದರೆ ಆಯಿತು, ಬೇಡ ಕಣೇ, ನನಗೂ ಹೀಗೇ ಶುರುವಾಗಿದ್ದು, ಇಷ್ಟೇ ಮಾತು, ನಾಲಿಗೆಯ ಮೇಲೇ ಇದೆ, ಏನೂ ಆಗಲ್ಲ ಅಂದಿತು ಬಾಯಿ, ಅಮೋನಿಯಾ ಇಲ್ಲದ್ದು ಇದು, ಬ್ರಷ್ ಮತ್ತೆ ನಡೆಯಿತು, ಕೂದಲಿನ ಅಂಚಿಗೆ, ಹಳೇ ಗುಳ್ಳೆಗಳ ಕಲೆಯ ಮೇಲೂ, ದಪ್ಪಗೆ, ಮುಖ ಊದಿದ ತಾಯಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೋ ನೋಡೋಣ, ಬರೀ ಮುಖ ತಾನೇ, ಉಸಿರು ಅಂದಿದ್ದಳು ಡಾಕ್ಟರ್, ಕಟ್ಟಬಹುದು ಅಂದಿದ್ದಳು, ಕಟ್ಟೇ ಕಟ್ಟುತ್ತೆ ಅನ್ನಲಿಲ್ಲ, ಅನ್ನಲಿಲ್ಲ ತಾನೇ — ಅತ್ತಿಗೆ, ಉರೀತಿದೆ, ತೊಳೆದುಬಿಡ್ತೀರಾ — ಸ್ವಲ್ಪ ತಡ್ಕೋ, ಬಣ್ಣ ಹಿಡೀಲಿ, ಹನ್ನೆರಡು ನಿಮಿಷವಷ್ಟೇ ಆಗಿದೆ, ಕನ್ನಡಿಯಲ್ಲಿ ನಾದಿನಿಯ ಬೆರಳು ಕಿವಿಯ ಹಿಂದಕ್ಕೆ ಹೋಯಿತು, ಉಗುರು ಕಪ್ಪಾಗಿ ವಾಪಸು ಬಂತು, ಮತ್ತೆ ಹೋಯಿತು, ಹದಿಮೂರು, ಉಗುರು, ಕಿವಿಯ ಹಿಂದೆ, ಕಪ್ಪು ಉಗುರು