ನನ್ನ ಕಾಲು, ಸಾವ್ಕಾರರ ವ್ಯಾನು

ಊರಿಗೆಲ್ಲ ಬುದ್ಧಿ ಹೇಳುವ ಚಟ ನನ್ನದು. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರ ಮಗ್ಗ ನಿಂತರೂ ನಾನು ಹೋಗಿ ಅವರ ಕಟ್ಟೆಯ ಮೇಲೆ ಕೂತು, "ಕಾಲಕ್ಕ ತಕ್ಕಂಗ ಕೋಲ. ಹೊಂದ್ಕೊಂಡು ಹೋಗಬೇಕೋ ಯಪ್ಪಾ" ಎನ್ನುತ್ತಿದ್ದೆ. ಅವರು ಪಾಪ, ಚಹಾ ಕೊಡುತ್ತಿದ್ದರು. ಹೋದ ವರ್ಷ ನನ್ನ ಮಗ್ಗವೇ ನಿಂತಿತು. ಬುದ್ಧಿ ಹೇಳಲು ಒಬ್ಬನೂ ಬರಲಿಲ್ಲ.

ಬಂದವರೆಂದರೆ ಸೀರೆ ಅಂಗಡಿಯ ಅಂಬರೀಶ ಸಾವ್ಕಾರರು. "ಕಲ್ಲಣ್ಣಾರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂಗಡಿಗೋಳಿಗೆ ಸೀರಿ ಮುಟ್ಟಿಸಾಕ ವ್ಯಾನ್ ತಗೊಂಡೀನಿ. ದೀಪಾವಳಿಯೊಳಗ ಲೈಸನ್ಸ್ ತಂದ್ರ ಕೆಲಸ ನಿಮ್ದ" ಎಂದರು.

ನಾನು ಅಂದೇ ಓಣಿಯ ತುಂಬ ನಾನೀಗ ಡ್ರೈವರ್ ಎಂದು ಸಾರಿಬಿಟ್ಟೆ. ಹೆಂಡತಿ ಮಲ್ಲವ್ವ, "ನೀವು ಸೈಕಲ್ಲರ ಹೊಡದೀರೇನ್ರಿ?" ಎಂದಳು.

"ಮೂವತ್ತೈದು ವರ್ಷ ಮಗ್ಗದಾಗ ಕಾಲಿಲೆ ಹಲಗಿ ತುಳದೀನಿ. ಕಾರಿನಾಗೂ ತುಳಿಯೋದ ಐತಿ!"

ಎಡವಟ್ಟಾಗಿದ್ದು ಅಲ್ಲೇ. ನಮ್ಮದು ಕುಣಿ ಮಗ್ಗ. ನೆಲದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಬಲಗೈ ಹಗ್ಗ ಜಗ್ಗಿದರೆ ಲಾಳಿ ಓಡುತ್ತದೆ. ಎಡಗೈ ಮುಂದಿನ ಚೌಕಟ್ಟನ್ನು ಧಡ್ ಎಂದು ಎದೆಯ ಕಡೆಗೆ ಎಳೆಯುತ್ತದೆ. ಇಷ್ಟು ವರ್ಷದಲ್ಲಿ ನನ್ನ ಕೈಕಾಲುಗಳು ತಲೆಯನ್ನು ಕೇಳುವುದನ್ನೇ ಬಿಟ್ಟಿದ್ದವು.

ಡ್ರೈವಿಂಗ್ ಕಲಿಸುವ ರಮೀಜ ಕಾರು ಚಾಲೂ ಮಾಡಿಕೊಟ್ಟ. ನನ್ನ ಬಲಗಾಲು ಆಕ್ಸಿಲರೇಟರ್ ಒತ್ತಿತು. ಇನ್ನು ನನ್ನ ಪಾಳಿ ಎಂದು ಎಡಗಾಲು ಕ್ಲಚ್ ಒತ್ತಿತು. ಮತ್ತೆ ಬಲಗಾಲು, ಮತ್ತೆ ಎಡಗಾಲು. ಬಲಗೈ ಮೇಲಕ್ಕೆ ಹೋಗಿ ಕನ್ನಡಿಗೆ ಕಟ್ಟಿದ್ದ ಗೊಂಡೆಯನ್ನು ಜಗ್ಗಿತು, ಗೊಂಡೆ ಕಿತ್ತು ಕೈಗೆ ಬಂತು. ಎಡಗೈ ಗೇರನ್ನು ಎದೆಗೆ ಎಳೆದುಕೊಂಡಿತು.

"ಕಾಕಾ, ಕಾರ್ ಹೊಡೀತೀರೋ, ಸೀರಿ ನೇಯ್ತೀರೋ?" ರಮೀಜ ಚೀರಿದ.

ಹಿಂದಿನ ಸೀಟಿನಲ್ಲಿ ಮಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಎಲ್ಲಾದರೂ ಗುದ್ದಿದರೆ ಮನೆಗೆ ಖಬರು ಕೊಡಲು ಒಬ್ಬರು ಬೇಕೆಂದು ಜೊತೆಗೆ ಬಂದವಳು ಅವಳು. ಹೇಗೂ ದಿನಾ ಬರುತ್ತೀರಿ, ನೀವೂ ಕಲಿಯಿರಿ ಎಂದು ರಮೀಜ ಅವಳಿಂದಲೂ ಫಾರ್ಮ್ ತುಂಬಿಸಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳ ಪಾಳಿ ಬಂದಾಗಲೆಲ್ಲ ಚಹಾದಂಗಡಿಗೆ ಇಳಿದುಬಿಡುತ್ತಿದ್ದೆ, ನನ್ನ ಕಾಲಿಗೂ ಸ್ವಲ್ಪ ವಿಶ್ರಾಂತಿ ಬೇಕಲ್ಲ.

ತಿಂಗಳು ಕಳೆಯಿತು. ರಮೀಜ ನನ್ನ ಒಂದು ಕಾಲಿಗೆ ಬೂಟು ಹಾಕಿಸಿ, ಇನ್ನೊಂದನ್ನು ಬರಿಗಾಲು ಮಾಡಿಸಿ ನೋಡಿದ. ಎರಡೂ ತಮ್ಮ ಪಾಳಿ ಬಿಡಲಿಲ್ಲ. ಒಂದು ದಿನ ಅಂತೂರ ಬೆಂತೂರದ ರಸ್ತೆಯಲ್ಲಿ ಕಾರು ಕುಪ್ಪಳಿಸುತ್ತ ಹೊರಟಿದ್ದಾಗ, ಹೊಲದಲ್ಲಿದ್ದ ಮುದುಕಿಯೊಬ್ಬಳು ಕಳೆ ತೆಗೆಯುವುದನ್ನು ಬಿಟ್ಟು ಎದ್ದು ನಿಂತಳು. "ಯವ್ವಾ, ಗಾಡಿಗೆ ಬಿಕ್ಕಳಿಕಿ ಹತ್ತೈತಿ! ನೀರರ ಕುಡಸ್ರೋ!" ಎಂದಳು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಹಾಳೆ ಹಿಡಿದು ನನ್ನ ಪಕ್ಕ ಕೂತರು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಅವರ ಚಷ್ಮಾ ತೊಡೆಯ ಮೇಲಿತ್ತು, ಹಾಳೆ ಹಿಂದಿನ ಸೀಟಿನಲ್ಲಿತ್ತು. "ಇಳೀರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಜೀವಭಯವಿತ್ತು.

ಮುಂದಿನ ಹೆಸರು ಮಲ್ಲವ್ವನದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಕಾರು ಸದ್ದಿಲ್ಲದೆ ಹೋಯಿತು, ಎಂಟರ ಆಕಾರದಲ್ಲಿ ತಿರುಗಿತು, ಹಿಂದಕ್ಕೆ ಬಂದು ಗೆರೆಯ ಮೇಲೆ ನಿಂತಿತು. ಸಾಹೇಬರು ಚಷ್ಮಾ ಏರಿಸಿಕೊಂಡು ಏನೋ ಬರೆದರು.

ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ಧಗಧಗ ಉರಿಯಿತು. "ಇಷ್ಟು ಕಲ್ತೀನಿ ಅಂತ ಯಾಕ ಹೇಳಲಿಲ್ಲ?" ಎಂದು ದಾರಿಯುದ್ದಕ್ಕೂ ಜಗಳ ತೆಗೆದೆ.

"ನೀವೆಲ್ಲಿ ಕೇಳಿದ್ರಿ? ಚಹಾ ಕುಡದು ಬಂದು ನನಗ ಬುದ್ಧಿ ಹೇಳೂದರಾಗ ಇದ್ರಿ."

ಎರಡು ದಿನ ಅವಳೊಡನೆ ಮಾತು ಬಿಟ್ಟೆ. ದೀಪಾವಳಿಗೆ ನಾಲ್ಕು ದಿನ ಇರುವಾಗ ಅಂಚೆಯಲ್ಲಿ ಅವಳ ಲೈಸನ್ಸ್ ಬಂತು. ಅದನ್ನು ನನ್ನ ಅಂಗಿಯ ಕಿಸೆಯಲ್ಲಿಟ್ಟು, "ಸಾವ್ಕಾರ್ರು ಕೆಲಸ ಕೊಡ್ತೀನಿ ಅಂದದ್ದು ನಿಮಗ. ನೀವ ಹೇಳಿದ್ರ ಹೊಡೀತೀನಿ. ಇಲ್ಲಂದ್ರ ಇಲ್ಲ" ಎಂದಳು. ನನ್ನ ಜೊತೆ ಅಂಗಡಿಯ ತನಕ ಬಂದಳು, ಒಳಗೆ ಬರಲಿಲ್ಲ.

ಒಳಗೆ ನೋಡಿದರೆ ನಮ್ಮ ಓಣಿಯ ಯಮನೂರಪ್ಪ, ಸುಮಿತ್ರವ್ವ, ಇನ್ನೂ ನಾಲ್ಕು ಮಂದಿ. ನಾನು ಯಾರ ಯಾರ ಕಟ್ಟೆಯ ಮೇಲೆ ಕೂತು ಚಹಾ ಕುಡಿದಿದ್ದೆನೋ, ಆರಿಸಿ ಕರೆಸಿದಂತೆ ಅವರೇ ಕೂತಿದ್ದರು.

"ಬರ್ರಿ ಡ್ರೈವರ್ ಸಾಹೇಬ್ರ, ಲೈಸನ್ಸ್ ಆತೇನು?" ಸಾವ್ಕಾರರು ಕೇಳಿದರು.

ಆಗಲಿಲ್ಲ ಎಂದುಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಕೆಲಸ ಹೋದರೂ ಮರ್ಯಾದೆ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಕಿಸೆಗೆ ಕೈ ಹಾಕಿ ಕಾರ್ಡನ್ನು ಗಾದಿಯ ಮೇಲಿಟ್ಟೆ.

"ನನಗ ಆಗಲಿಲ್ಲರಿ. ನನ್ನ ಹೇಣ್ತಿ ನನಕಿಂತ ಛಲೋ ಹೊಡೀತಾಳ. ಹೊರಗ ನಿಂತಾಳ, ಕರೀಲೇನ್ರಿ?"

ಅಷ್ಟು ಹೇಳುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದುಹೋಯಿತು. ಯಮನೂರಪ್ಪ ಹೋ ಎಂದು ನಕ್ಕ, ಎಲ್ಲರೂ ನಕ್ಕರು. ನಗಲಿ ಎಂದುಕೊಂಡು ನಾನು ಮಲ್ಲವ್ವನನ್ನು ಕರೆಯಲು ಬಾಗಿಲಿಗೆ ಹೋದೆ.